ಶಿವಮೊಗ್ಗದಲ್ಲಿ ವುಡನ್ ಫ್ಲೋರಿಂಗ್ ಅಂಗಡಿ: ಲ್ಯಾಮಿನೇಟ್ ಬಿಟ್ಟು ಎಸ್‌ಪಿಸಿಗೆ ಹೋಗಲಾ?

ಮರದನೆಲ_ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷದಿಂದ ಶಿವಮೊಗ್ಗದಲ್ಲಿ ಫ್ಲೋರಿಂಗ್ ಅಂಗಡಿ ಇಟ್ಟಿದ್ದೇನೆ. ಶುರು ಮಾಡಿದಾಗ ಊರಲ್ಲಿ ನಾನು, ಇನ್ನೊಬ್ಬರು, ಅಷ್ಟೇ. ಈಗ ಪ್ಲೈವುಡ್ ಅಂಗಡಿಯವರೂ ಇಡುತ್ತಾರೆ, ಕರ್ಟನ್ ಅಂಗಡಿಯವರೂ ಇಡುತ್ತಾರೆ, ವಾಲ್‌ಪೇಪರ್ ಅಂಟಿಸುವವರ ಕೈಯಲ್ಲೂ ಒಂದು ಸ್ಯಾಂಪಲ್ ಪುಸ್ತಕ ಇದೆ.

ನನ್ನದು ಮುಖ್ಯವಾಗಿ 8 ಎಂಎಂ ಲ್ಯಾಮಿನೇಟ್, ಅಂದರೆ ಮರದ ನಾರು ಒತ್ತಿ ಮಾಡಿ ಮೇಲೆ ಮರದ ಚಿತ್ರ ಅಂಟಿಸಿದ ಹಲಗೆ. ಮೊದಲು ಚದರಡಿಗೆ 110ಕ್ಕೆ ಮಾತಾಡದೇ ತಗೊಂಡು ಹೋಗುತ್ತಿದ್ದರು, ಈಗ 85 ಹೇಳಿದರೂ ಫೋನ್ ತೆಗೆದು ಯಾವುದೋ ಆನ್‌ಲೈನ್ ರೇಟು ತೋರಿಸುತ್ತಾರೆ. ಇನ್ನು ಬಂದವರಲ್ಲಿ ಅರ್ಧ ಜನ ಬಾಗಿಲಲ್ಲೇ "ನೀರು ಬಿದ್ದರೆ ಏನಾಗುತ್ತೆ?" ಅಂತಲೇ ಶುರು ಮಾಡೋದು. ನಮ್ಮ ಕಡೆ ಮಳೆ ಗೊತ್ತಲ್ವಾ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಎಸ್‌ಪಿಸಿ (ಕಲ್ಲಿನ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ ಹಲಗೆ) ಇಟ್ಟರೆ ಆ ಪ್ರಶ್ನೆಗೆ ಉತ್ತರ ಸಿಗುತ್ತದೆ, ಗೆದ್ದಲಿನ ಭಯವೂ ಇಲ್ಲ. ಆದರೆ ಗೋಡೌನ್‌ನಲ್ಲಿ ಸುಮಾರು 140 ಬಾಕ್ಸ್ ಲ್ಯಾಮಿನೇಟ್ ಕೂತಿದೆ, ಅದರಲ್ಲಿ ಮುಕ್ಕಾಲು ಪಾಲು ಕಂಪನಿಯವರೇ ನಿಲ್ಲಿಸಿದ ಶೇಡ್‌ಗಳು. ಅದನ್ನು ಸಿಕ್ಕಿದ ರೇಟಿಗೆ ಕೊಟ್ಟು ಪೂರ್ತಿ ಎಸ್‌ಪಿಸಿಗೆ ಹೋಗಲಾ? ಅಥವಾ ಇನ್ನೆರಡು ವರ್ಷಕ್ಕೆ ಅದಕ್ಕೂ ಇದೇ ಗತಿಯಾ?

ಫಿಟ್ಟಿಂಗ್_ಬೆಂಗಳೂರು:

ಎರಡು ವರ್ಷ ಯಾಕೆ, ಬೆಂಗಳೂರಲ್ಲಿ ಈಗಲೇ ಆಗಿದೆ. ಮೊದಲು ಎಸ್‌ಪಿಸಿ ಅಂದರೆ ಏನು ಅಂತ ನಾವೇ ವಿವರಿಸಬೇಕಿತ್ತು. ಈಗ ಗಿರಾಕಿಯೇ "0.3 ವೇರ್ ಲೇಯರಾ, 0.5ಆ?" ಅಂತ, ಮೇಲಿನ ಸವೆತ ತಡೆಯುವ ಪದರ ಎಷ್ಟು ಎಂಎಂ ಅಂತ ಕೇಳುತ್ತಾನೆ. ರೇಟ್ ಹೊಡೆದಾಟ ಅಲ್ಲೂ ಬಂತು.

ಇನ್ನೊಂದು ವಿಷಯ. ಎಸ್‌ಪಿಸಿ ಅಂದರೆ ಸುಣ್ಣದ ಕಲ್ಲಿನ ಪುಡಿ, ಪಿವಿಸಿ, ಮೇಲೆ ಮರದ ಫೋಟೋ. ಮರದ ಚೂರೂ ಇಲ್ಲ. ನೀರಿಗೆ ಒಳ್ಳೆಯದು ಒಪ್ಪುತ್ತೇನೆ. ಆದರೆ ನೆಲ ಲೆವೆಲ್ ಇಲ್ಲದಿದ್ದರೆ ಹಲಗೆಗಳನ್ನು ಒಂದಕ್ಕೊಂದು ಸಿಕ್ಕಿಸುವ ಅಂಚಿನ ಲಾಕ್ ಮುರಿಯುತ್ತದೆ, 4 ಎಂಎಂ ಹಲಗೆಯಲ್ಲಿ ಲಾಕ್ ಎಷ್ಟು ತೆಳು ಅಂತ ಕೈಯಲ್ಲಿ ಹಿಡಿದು ನೋಡಿ. ಹಳೇ ಮೊಸಾಯಿಕ್ ನೆಲದ ಮೇಲೆ ಲೆವೆಲ್ ಮಾಡದೇ ಹಾಕಿದ ಮನೆಗೆ ಆರೇ ತಿಂಗಳಲ್ಲಿ ಕರೆದರು, ನಡೆದರೆ ಟಕ್ ಟಕ್ ಅಂತ ಸದ್ದು. ಇನ್ನೊಂದು ಕಡೆ ಪಶ್ಚಿಮಕ್ಕೆ ದೊಡ್ಡ ಗಾಜು, ಮಧ್ಯಾಹ್ನದಿಂದ ಬಿಸಿಲು ನೇರ ನೆಲಕ್ಕೆ. ಹಲಗೆ ಹಿಗ್ಗೋಕೆ ಗೋಡೆ ಹತ್ತಿರ ಗ್ಯಾಪ್ ಬಿಟ್ಟಿರಲಿಲ್ಲ, ಬೇಸಿಗೆಯಲ್ಲಿ ಹಲಗೆ ಡೇರೆ ಥರ ಎದ್ದು ನಿಂತಿತ್ತು. ಬೈಸಿಕೊಂಡಿದ್ದು ಮಾರಿದ ಅಂಗಡಿಯವರು.

ಅದಕ್ಕೇ ಹೇಳೋದು, ಬಾಕ್ಸ್‌ನಲ್ಲಿ ದುಡ್ಡಿಲ್ಲ. ಅಂಡರ್‌ಲೇ (ಹಲಗೆ ಕೆಳಗೆ ಹಾಸುವ ಹಾಳೆ), ಲೆವೆಲಿಂಗ್, ಸ್ಕರ್ಟಿಂಗ್ (ಗೋಡೆ ಬುಡದ ಪಟ್ಟಿ), ಬಾಗಿಲ ಹತ್ತಿರದ ಪ್ರೊಫೈಲ್ ಪಟ್ಟಿ, ಇವನ್ನೆಲ್ಲ ಬಿಲ್‌ನಲ್ಲಿ ಬೇರೆ ಬೇರೆ ಬರೆಯಿರಿ. ನೀವು "ಎಲ್ಲಾ ಸೇರಿ ಇಷ್ಟು" ಅಂತ ಹೇಳುತ್ತೀರಿ ಅನಿಸುತ್ತದೆ. ಹಾಗೆ ಹೇಳಿದರೆ ಗಿರಾಕಿ ಅದನ್ನು ಆನ್‌ಲೈನ್‌ನ ಬರೀ ಬಾಕ್ಸ್ ರೇಟಿಗೆ ಹೋಲಿಸುತ್ತಾನೆ, ನೀವು ಸೋಲುತ್ತೀರಿ.

ಅಟ್ಲಾಂಟಾ_ಕನ್ನಡಿಗ:

ನಾನಿರುವುದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಬಿಲ್ಡಿಂಗ್ ಮೆಟೀರಿಯಲ್ ಕಂಪನಿಯ ಲೆಕ್ಕಪತ್ರ ನೋಡುತ್ತೇನೆ. ನಮ್ಮ ಉತ್ತರಕ್ಕೆ ಡಾಲ್ಟನ್ ಅಂತ ಊರಿದೆ, ಕಾರ್ಪೆಟ್ ರಾಜಧಾನಿ ಅಂತಲೇ ಹೆಸರು. ಅಲ್ಲಿನ ಕಾರ್ಪೆಟ್ ಕಂಪನಿಗಳೇ ಈಗ ವಿನೈಲ್ ಹಲಗೆ ಮಾಡುತ್ತಿವೆ. ಗಾಳಿ ಯಾವ ಕಡೆ ಅಂತ ಗೊತ್ತಾಯಿತಲ್ಲ.

ಮೋಹಾಕ್ ಅಂತ ಇಲ್ಲಿನದೇ ಕಂಪನಿ. ಕ್ವಿಕ್-ಸ್ಟೆಪ್ ಬ್ರಾಂಡಿನ ಲ್ಯಾಮಿನೇಟ್ ಮಾಡುವ ಬೆಲ್ಜಿಯಂನ ಯೂನಿಲಿನ್ ಅನ್ನು 2005ರಲ್ಲಿ ತಗೊಂಡಿತು, 2013ರಲ್ಲಿ ಪರ್ಗೋ ತಗೊಂಡಿತು. ಲ್ಯಾಮಿನೇಟ್ ಫ್ಲೋರಿಂಗ್ ಹುಟ್ಟಿಸಿದ್ದೇ ಸ್ವೀಡನ್ನಿನ ಆ ಪರ್ಗೋದವರು, 1970ರ ದಶಕದಲ್ಲಿ. ಅಂಗಡಿಯಲ್ಲಿ ನೀವು "ಪರ್ಗೋನಾ, ಕ್ವಿಕ್-ಸ್ಟೆಪ್ಪಾ" ಅಂತ ಗಿರಾಕಿ ಜತೆ ಅರ್ಧ ಗಂಟೆ ವಾದ ಮಾಡಿದರೂ ಮಾಲೀಕ ಒಬ್ಬನೇ. ಟೈಲ್ಸೂ ಅವರದೇ ಇದೆ, ವಿನೈಲೂ ಇದೆ. ಯಾವುದು ಗೆದ್ದರೂ ದುಡ್ಡು ಅದೇ ಜೇಬಿಗೆ. ಅವರೇ ಒಂದನ್ನು ನಂಬಿ ಕೂತಿಲ್ಲ, ನೀವು ಯಾಕೆ ಕೂರಬೇಕು?

ಅಗ್ಗದ ಮಾಲಿನ ಕಥೆಯೂ ಕೇಳಿ. ಲಂಬರ್ ಲಿಕ್ವಿಡೇಟರ್ಸ್ ಅಂತ ಇಲ್ಲಿ ದೊಡ್ಡ ಸರಣಿ ಅಂಗಡಿ ಇತ್ತು. 2015ರಲ್ಲಿ ಟಿವಿಯಲ್ಲಿ ಬಂತು, ಚೀನಾದಿಂದ ತರಿಸಿದ ಅವರ ಲ್ಯಾಮಿನೇಟ್‌ನಲ್ಲಿ ಫಾರ್ಮಾಲ್ಡಿಹೈಡ್ (ಅಂಟಿನಿಂದ ಹೊರಬರುವ, ಆರೋಗ್ಯಕ್ಕೆ ಕೆಟ್ಟ ಅನಿಲ) ಜಾಸ್ತಿ ಅಂತ. ಆಮೇಲೆ ಎಲ್‌ಎಲ್ ಫ್ಲೋರಿಂಗ್ ಅಂತ ಹೆಸರು ಬದಲಾಯಿಸಿದರು, ಆದರೂ ಏಳಲಿಲ್ಲ. ಮನೆ ಸಾಲದ ಬಡ್ಡಿ ಏರಿ ಜನ ಮನೆ ಕೊಳ್ಳೋದೇ ಕಡಿಮೆಯಾಗಿತ್ತು, 2024ರ ಆಗಸ್ಟ್‌ನಲ್ಲಿ ದಿವಾಳಿ ಅರ್ಜಿ ಹಾಕಿದರು. 400ಕ್ಕೂ ಹೆಚ್ಚು ಅಂಗಡಿ! ಕೊನೆಗೆ 219 ಅಂಗಡಿಗಳನ್ನು ಕೊಂಡು ಉಳಿಸಿದ್ದು ಮೊದಲು ಅದನ್ನು ಕಟ್ಟಿದ ಮನುಷ್ಯನ ಕಂಪನಿಯೇ. ನಿಮ್ಮ 140 ಬಾಕ್ಸ್‌ಗೆ ಇಷ್ಟು ದೊಡ್ಡ ಕಥೆ ಬೇಕಿರಲಿಲ್ಲ, ಆದರೂ ಹೇಳಿದೆ. ಬಾಕ್ಸ್ ಮೇಲೆ ಇ1 ಗುರುತು, ಅಂದರೆ ಆ ಅನಿಲ ಕಡಿಮೆ ಅನ್ನೋ ಗುರುತು ಇದೆಯಾ ನೋಡಿ, ಇದ್ದರೆ ಅದನ್ನೇ ತೋರಿಸಿ ಮಾರಿ.

ತೀರ್ಥಹಳ್ಳಿ_ಹಳೇಮನೆ:

ನಾನು ನಿಮ್ಮ ಗಿರಾಕಿ ಆಗಬೇಕಿತ್ತು, ಆಗಲಿಲ್ಲ. ಯಾಕೆ ಅಂತ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಹಳೇ ಮನೆ ಅಟ್ಟದಲ್ಲಿ ಅಜ್ಜನ ಕಾಲದ ಹಲಗೆ ಇದೆ. ಮರದ ನೆಲದ ಮೇಲೆ ಕಾಲಿಟ್ಟರೆ ಹೇಗಿರುತ್ತದೆ ಅಂತ ಯಾರೂ ನನಗೆ ಹೇಳಿಕೊಡಬೇಕಿಲ್ಲ. ಹೊಸ ಮನೆಗೂ ಹಾಕಿಸೋಣ ಅಂತ ಇತ್ತು. ಆದರೆ ಅಮ್ಮ ಬೆಳಗ್ಗೆ ಎದ್ದು ಬಕೆಟ್ ನೀರು, ಬಟ್ಟೆ ಹಿಡಿದು ನೆಲ ಒರೆಸೋರು. "ಹಿಂಡಿದ ಬಟ್ಟೆಯಲ್ಲಿ ಮಾತ್ರ ಒರೆಸಿ" ಅಂತ ಅಂಗಡಿಯವರು ಹೇಳಿದಾಗ ಅಮ್ಮ ಅವರನ್ನು ನೋಡಿದ ನೋಟ ಇನ್ನೂ ನೆನಪಿದೆ. ಹಾಲ್‌ಗೆ ಗುಜರಾತಿನ ಮೊರ್ಬಿಯ ಟೈಲ್ಸ್ ಬಂತು, 200 x 1200 ಎಂಎಂ ಅಳತೆ, ತೇಗದ ಡಿಸೈನ್. ದೂರದಿಂದ ಮರವೇ. ಹತ್ತಿರ ಹೋದರೆ ಪ್ರತಿ ಐದನೇ ಹಲಗೆಯಲ್ಲಿ ಅದೇ ಗಂಟು!

ಆದರೂ ಮಲಗೋ ಕೋಣೆಗೆ ಮರವೇ ಬೇಕು ಅಂತ ನಾನು ಹಟ ಹಿಡಿದಿದ್ದೆ, ಚಳಿಗಾಲದಲ್ಲಿ ಟೈಲ್ಸ್ ಮೇಲೆ ಕಾಲಿಡೋಕೆ ಆಗಲ್ಲ. ಒಂದೇ ರೂಮು, 150 ಚದರಡಿ. ಮೂರು ಅಂಗಡಿ ಕೇಳಿದೆ, ಮೂವರೂ "ಅಷ್ಟು ಚಿಕ್ಕ ಕೆಲಸಕ್ಕೆ ಲೇಬರ್ ಬರಲ್ಲ" ಅಂದರು. ಇನ್ನೂ ಹಾಗೇ ಇದೆ.

ಮರದನೆಲ_ಶಿವಮೊಗ್ಗ:

ಆ ಮೂವರಲ್ಲಿ ನಾನೂ ಒಬ್ಬ ಇರಬಹುದು, ನಿಜವಾಗಲೂ. ಆ ಮಾತು ನಾನೂ ಹೇಳುತ್ತಿರುತ್ತೇನೆ.

ಅಟ್ಲಾಂಟಾ ಸರ್, ಇ1 ಗುರುತು ಇದೆ, ಈಗ ಎದ್ದು ಹೋಗಿ ನೋಡಿ ಬಂದೆ. ಇಷ್ಟು ವರ್ಷ ಗಿರಾಕಿಗೆ ಒಂದು ಸಲವೂ ತೋರಿಸಿಲ್ಲ.

ಈಗ ಅನಿಸುತ್ತಿರೋದು ಏನೆಂದರೆ, ನಿಂತ ಶೇಡ್‌ಗಳು ಒಂದೊಂದು ಐದಾರು, ಏಳೆಂಟು ಬಾಕ್ಸ್ ಇವೆ, ಇಡೀ ಮನೆಗೆ ಸಾಲಲ್ಲ, ಅದಕ್ಕೇ ಯಾರೂ ತಗೊಳ್ಳುತ್ತಿಲ್ಲ. ಒಂದು ರೂಮಿಗೆ ಸಾಲುತ್ತೆ! ಬೆಡ್‌ರೂಮಿಗೆ ಅಂತಲೇ ಫಿಟ್ಟಿಂಗ್ ಸೇರಿಸಿ ಕೊಟ್ಟರೆ? ಎಸ್‌ಪಿಸಿ ಸದ್ಯಕ್ಕೆ ನಾಲ್ಕು ಶೇಡ್ ಸ್ಯಾಂಪಲ್ ಮಾತ್ರ ಇಟ್ಟು, ಆರ್ಡರ್ ಬಂದರೆ ಬೆಂಗಳೂರಿಂದ ತರಿಸುವುದು.

ಫಿಟ್ಟಿಂಗ್_ಬೆಂಗಳೂರು:

ಫಿಟ್ಟಿಂಗ್ ಸೇರಿಸಿ ಅಂತ ಮತ್ತೆ ಅದೇ ತಪ್ಪು ಮಾಡುತ್ತಿದ್ದೀರಿ ಅಣ್ಣ. ಬೇರೆ ಬರೆಯಿರಿ. ಒಂದು ರೂಮಿಗೆ ಇಬ್ಬರು ಹುಡುಗರ ಒಂದು ದಿನದ ಕೂಲಿ ಪೂರ್ತಿ ಹಾಕಬೇಕು, ಅರ್ಧ ದಿನ ಅಂತ ಚೌಕಾಸಿಗೆ ಬಗ್ಗಬೇಡಿ, ಸ್ಕರ್ಟಿಂಗ್ ಕೂರಿಸುವಷ್ಟರಲ್ಲಿ ಹೇಗೂ ಸಂಜೆ ಆಗುತ್ತದೆ. ನೆಲಮಹಡಿ ಆದರೆ ಕೆಳಗೆ ದಪ್ಪ ಪ್ಲಾಸ್ಟಿಕ್ ಶೀಟ್ ಹಾಸದೇ ಲ್ಯಾಮಿನೇಟ್ ಮುಟ್ಟಲೇಬೇಡಿ, ನಿಮ್ಮ ಮಳೆಗೆ ಹಲಗೆ ಅಂಚು ಉಬ್ಬುತ್ತದೆ.

ತೀರ್ಥಹಳ್ಳಿ_ಹಳೇಮನೆ:

ನನ್ನದು ಮಹಡಿ ಮೇಲಿನ ರೂಮು. ಕಂದು ಬಣ್ಣದ ಶೇಡ್ ಏಳು ಬಾಕ್ಸ್ ಇದ್ದರೆ ಫೋಟೋ ಹಾಕಿ. ದೀಪಾವಳಿಗೆ ಮುಂಚೆ ಆಗಬೇಕು.