ಹಾರ್ನ್ ಬರುತ್ತದೆ, ಲೈಟ್ ಉರಿಯುತ್ತದೆ, ಲೋಕೋ ಮಾತ್ರ ಹೊರಡುವುದಿಲ್ಲ (ಎಚ್‌ಒ ಸ್ಕೇಲ್ ಮಾಡೆಲ್ ರೈಲು, ಸೌಂಡ್ ಡಿಕೋಡರ್)

ಕುಂಬಳೆ_ಲೈನ್:
ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ತಲೆ ಕೆಡಿಸಿಕೊಂಡಿದ್ದೇನೆ, ಗೊತ್ತಿದ್ದವರು ಹೇಳಿ. ಸೆಕೆಂಡ್ ಹ್ಯಾಂಡ್ ಆಲ್ಕೋ ಸಿ-628 ಡೀಸೆಲ್ ಲೋಕೋದ ಮಾಡೆಲ್ ಒಂದು ತೆಗೆದುಕೊಂಡೆ, ಒಳಗೆ ಸೌಂಡ್ ಡಿಕೋಡರ್ (ಹಳಿಯಿಂದ ಬರುವ ಆಜ್ಞೆ ಓದಿ ಮೋಟಾರ್, ಸದ್ದು, ಲೈಟ್ ನಡೆಸುವ ಸಣ್ಣ ಸರ್ಕ್ಯೂಟ್) ಮೊದಲೇ ಹಾಕಿದ್ದಾರೆ. ಅಮೆರಿಕದ ಲೋಕೋ ಯಾಕೆ ಅಂದರೆ, ನಮ್ಮ ರೈಲ್ವೆಯ ಡಬ್ಲ್ಯುಡಿಎಂ-2 ಡೀಸೆಲ್ ಲೋಕೋದ ಹೊಟ್ಟೆಯಲ್ಲಿ ಇದ್ದದ್ದೂ ಆಲ್ಕೋದ 16 ಸಿಲಿಂಡರಿನ 251 ಎಂಜಿನ್ನೇ ಅಲ್ವಾ. ಚಿಕ್ಕಂದಿನಲ್ಲಿ ಕುಂಬಳೆ ಸ್ಟೇಷನ್ನಿನಲ್ಲಿ ಗಾಡಿ ಹೊರಡುವಾಗ ಆ ಸದ್ದು ಎದೆಗೇ ತಾಗುತ್ತಿತ್ತು. ಈಗ ನಮ್ಮ ಲೈನ್ ಪೂರ್ತಿ ಕರೆಂಟಿನದ್ದು. ಆ ಸದ್ದು ಬೇಕಾದರೆ ಮನೆಯಲ್ಲೇ ಮಾಡಿಕೊಳ್ಳಬೇಕು.

ಸಮಸ್ಯೆ ಹೀಗಿದೆ. ಥ್ರಾಟಲಿನಲ್ಲಿ (ಲೋಕೋ ಓಡಿಸುವ ಕಂಟ್ರೋಲರ್) ಲೋಕೋದ ಅಡ್ರೆಸ್, ಅಂದರೆ ಅದರ ನಂಬರ್, 3 ಹಾಕಿ ಎಫ್8 ಬಟನ್ ಒತ್ತಿದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ, ಎಫ್2ಕ್ಕೆ ಹಾರ್ನ್ ಬರುತ್ತದೆ, ಲೈಟೂ ಸರಿ. ಥ್ರಾಟಲ್ ಎಷ್ಟು ಕೊಟ್ಟರೂ ಲೋಕೋ ಅಲುಗುವುದಿಲ್ಲ. ಸ್ಟಾರ್ಟಿಂಗ್ ಸದ್ದು ಪೂರ್ತಿ ಮುಗಿಯುವವರೆಗೆ ಕಾದೂ ನೋಡಿದೆ. ಇನ್ನೊಂದು, ಮಧ್ಯೆ ಮಧ್ಯೆ ಸದ್ದು ಪಕ್ಕನೆ ನಿಂತು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮಾರಿದವರು ತಮ್ಮಲ್ಲಿ ಚೆನ್ನಾಗಿ ಓಡುತ್ತಿತ್ತು ಅನ್ನುತ್ತಾರೆ. ಹಳಿಗೆ ಆಜ್ಞೆ ಕಳಿಸುವ ಕಮಾಂಡ್ ಸ್ಟೇಷನ್ ನಾನೇ ಆರ್ಡುಯಿನೋ ಮೆಗಾ ಬೋರ್ಡಿನಲ್ಲಿ ಡಿಸಿಸಿ-ಇಎಕ್ಸ್ ಸಾಫ್ಟ್‌ವೇರ್ ಹಾಕಿ ಮಾಡಿದ್ದು, ಬೇರೆ ಲೋಕೋ ಅದರಲ್ಲಿ ಓಡುತ್ತಿದೆ. ಮೋಟಾರ್ ಹೋಗಿದೆಯಾ? ಬಾಡಿ ಬಿಚ್ಚಲಾ?

ಬದಿಯಡ್ಕ_251:
ಬಿಚ್ಚಬೇಡಿ ಮಾರಾಯ್ರೆ, ಸ್ವಲ್ಪ ನಿಲ್ಲಿ. ಮೊದಲು ಒಂದು ಹೇಳಿ: ಥ್ರಾಟಲ್ ತಿರುಗಿಸುವಾಗ ಎಂಜಿನ್ನಿನ ಸದ್ದು ಏರುತ್ತದಾ, ಅಥವಾ ಐಡಲ್‌ನಲ್ಲೇ ನಿಂತಿರುತ್ತದಾ?

ಕುಂಬಳೆ_ಲೈನ್:
ಐಡಲ್‌ನಲ್ಲೇ ಅಣ್ಣ. ಒಂದು ನಾಚ್ (ಎಂಜಿನ್ ವೇಗದ ಮೆಟ್ಟಿಲು) ಕೂಡ ಏರುವುದಿಲ್ಲ.

ಬದಿಯಡ್ಕ_251:
ಹಾಗಾದರೆ ಮೋಟಾರ್ ಹೋದ ಹಾಗೆ ಕಾಣುವುದಿಲ್ಲ. ಮೋಟಾರ್ ಸುಟ್ಟಿದ್ದರೆ, ಇಲ್ಲವೇ ಮೋಟಾರಿನ ಕಿತ್ತಳೆ-ಬೂದು ವೈರ್ ಬಿಟ್ಟಿದ್ದರೆ, ಲೋಕೋ ನಿಂತಲ್ಲೇ ಇದ್ದು ಸದ್ದು ಮಾತ್ರ ಏರುವುದೇ ಜಾಸ್ತಿ, ಯಾಕೆಂದರೆ ಡಿಕೋಡರಿಗೆ ಸ್ಪೀಡಿನ ಆಜ್ಞೆ ಸಿಕ್ಕಿರುತ್ತದೆ. ನಿಮ್ಮದರಲ್ಲಿ ಆಜ್ಞೆಯನ್ನೇ ಅದು ತೆಗೆದುಕೊಳ್ಳುತ್ತಿಲ್ಲ. ಆದರೆ ಹಾರ್ನ್ ಬರುತ್ತಿದೆ, ಅಂದರೆ ಅಡ್ರೆಸ್ ಸರಿ ಇದೆ. ಈ ಎರಡೂ ಒಟ್ಟಿಗೆ ಕಂಡರೆ ನಾನು ಮೊದಲು ನೋಡುವುದು ಸಿವಿ 19 (ಸಿವಿ ಅಂದರೆ ಡಿಕೋಡರಿನೊಳಗೆ ಒಂದೊಂದು ಸೆಟ್ಟಿಂಗು ಬರೆದಿಡುವ, ನಂಬರ್ ಹಾಕಿದ ಜಾಗ).

ಎರಡು ಲೋಕೋ ಜೋಡಿಸಿ ಒಂದೇ ಥ್ರಾಟಲಿನಲ್ಲಿ ಓಡಿಸುವಾಗ ಜೋಡಿಯ ಅಡ್ರೆಸ್ ಕೂತುಕೊಳ್ಳುವುದು ಸಿವಿ 19ರಲ್ಲಿ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಇದ್ದರೆ ಸ್ಪೀಡು, ದಿಕ್ಕು ಎರಡನ್ನೂ ಲೋಕೋ ಆ ಜೋಡಿ ಅಡ್ರೆಸ್‌ನಿಂದ ಮಾತ್ರ ಕೇಳುತ್ತದೆ. ಹಾರ್ನು, ಲೈಟು ತನ್ನ ಸ್ವಂತ ಅಡ್ರೆಸ್‌ನಿಂದಲೂ ಕೇಳುತ್ತದೆ. ಮೊದಲಿನವರು ಜೋಡಿ ಮಾಡಿ ಓಡಿಸಿ, ಜೋಡಿ ಬಿಡಿಸದೆ ಒಂದನ್ನು ಮಾರಿರಬೇಕು. ಅವರು ಓಡುತ್ತಿತ್ತು ಅಂದದ್ದೂ ಸುಳ್ಳಲ್ಲ, ಜೋಡಿ ಅಡ್ರೆಸ್‌ನಲ್ಲಿ ಓಡಿರುತ್ತದೆ. ಪ್ರೋಗ್ರಾಮಿಂಗ್ ಟ್ರ್ಯಾಕಿನಲ್ಲಿ (ಸೆಟ್ಟಿಂಗು ಓದಲು, ಬರೆಯಲು ಬೇರೆಯಾಗಿ ಇಟ್ಟ ಹಳಿ) ಇಟ್ಟು ಸಿವಿ 19 ಓದಿ.

ಕುಂಬಳೆ_ಲೈನ್:
ಓದಲಿಕ್ಕೇ ಆಗುತ್ತಿಲ್ಲ, ಐದು ಸಲ ಪ್ರಯತ್ನಿಸಿದೆ, ಪ್ರತಿ ಸಲ ಎರರ್. ಸಿವಿ 8ಕ್ಕೆ 8 ಬರೆದು ರೀಸೆಟ್ ಮಾಡಿಬಿಡಲಾ?

ಬದಿಯಡ್ಕ_251:
ರೀಸೆಟ್ ಈಗಲೇ ಬೇಡ. ಸದ್ದಿನ ಫೈಲ್ ಅಳಿಸುವುದಿಲ್ಲ ನಿಜ, ಆದರೆ ಹಿಂದಿನವರು ಕೂತು ಹೊಂದಿಸಿದ ವಾಲ್ಯೂಮು, ಮೋಟಾರಿನ ಸೆಟ್ಟಿಂಗು ಎಲ್ಲ ಹೋಗುತ್ತದೆ. ಒಳ್ಳೆಯವರು ಹೊಂದಿಸಿದ್ದರೆ ಅದು ದೊಡ್ಡ ನಷ್ಟ.

ಓದಲು ಆಗದಿರುವುದಕ್ಕೆ ಕಾರಣ ಇದೆ. ಪ್ರೋಗ್ರಾಮಿಂಗ್ ಟ್ರ್ಯಾಕಿಗೆ ಬೇಕೆಂದೇ ಕಮ್ಮಿ ಕರೆಂಟ್ ಬಿಡುತ್ತಾರೆ, ಸುಮಾರು 250 ಮಿಲಿಆಂಪ್. ಡಿಕೋಡರ್ "ಹೌದು" ಅನ್ನಬೇಕಾದರೆ 6 ಮಿಲಿಸೆಕೆಂಡ್ ಹೊತ್ತು 60 ಮಿಲಿಆಂಪ್ ಜಾಸ್ತಿ ಎಳೆಯಬೇಕು. ಸೌಂಡ್ ಡಿಕೋಡರಿನಲ್ಲಿ ಕೆಪಾಸಿಟರ್ ಇದ್ದರೆ ಅದು ಚಾರ್ಜ್ ಆಗುವ ಗಲಾಟೆಯಲ್ಲಿ ಈ ಸಣ್ಣ ಉತ್ತರ ಮುಚ್ಚಿಹೋಗುತ್ತದೆ. ಡಿಸಿಸಿ-ಇಎಕ್ಸ್‌ನಲ್ಲಿ ಇದಕ್ಕೆ ಪ್ರಾಗ್‌ಬೂಸ್ಟ್ ಅಂತ ಒಂದು ಕಮಾಂಡ್ ಇದೆ, ಆಮೇಲೆ ನೋಡಿ. ಈಗ ಸುಲಭದ ದಾರಿ: ಲೋಕೋವನ್ನು ಮೇನ್ ಲೈನಿನಲ್ಲೇ ಇಟ್ಟು, ಅಡ್ರೆಸ್ 3ಕ್ಕೆ ಮೇನ್ ಪ್ರೋಗ್ರಾಮಿಂಗ್‌ನಲ್ಲಿ ಸಿವಿ 19 = 0 ಬರೆಯಿರಿ. ಅದಕ್ಕೆ ಉತ್ತರ ಬರಬೇಕಾದ ಅಗತ್ಯವೇ ಇಲ್ಲ.

ಉಪ್ಪಳ_ಎಚ್‌ಒ:
ಸದ್ದು ನಿಂತು ಶುರುವಾಗುವುದಕ್ಕೆ ನಾನು ಹೇಳುತ್ತೇನೆ. ಅದು ಡಿಕೋಡರಿಗೆ ಕ್ಷಣ ಹೊತ್ತು ಕರೆಂಟ್ ತಪ್ಪುವುದು. ಆಟಿ ತಿಂಗಳ ಮಳೆಯಲ್ಲಿ ನಮ್ಮ ಕಡೆ ಗೋಡೆಯೇ ಬೆವರುತ್ತದೆ, ಜೊತೆಗೆ ಕಡಲ ಗಾಳಿ. ಹಳಿಯ ಮೇಲೆ, ಚಕ್ರದ ಮೇಲೆ ಕಪ್ಪು ಪದರ ಕೂರುತ್ತದೆ. ಸದ್ದಿಲ್ಲದ ಲೋಕೋ ಆ ಜಾಗವನ್ನು ಓಟದ ಭರದಲ್ಲಿ ದಾಟಿಬಿಡುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಸೌಂಡ್ ಲೋಕೋ ಕೂಡಲೇ ತೋರಿಸಿಕೊಡುತ್ತದೆ.

ಕಿಚನ್ ಟವೆಲನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒದ್ದೆ ಮಾಡಿ ಹಳಿಯ ಮೇಲೆ ಹಾಸಿ. ಲೋಕೋದ ಒಂದು ತುದಿಯ ಚಕ್ರಗಳು ಟವೆಲ್ ಮೇಲೆ, ಇನ್ನೊಂದು ತುದಿಯವು ಹಳಿಯ ಮೇಲೆ ಇರಲಿ. ಲೋಕೋವನ್ನು ಕೈಯಲ್ಲಿ ಹಿಡಿದು ಥ್ರಾಟಲ್ ಕೊಟ್ಟು ಚಕ್ರ ತಿರುಗಿಸಿ, ಕಪ್ಪು ಗೆರೆ ಬೀಳುವುದು ನಿಲ್ಲುವ ತನಕ. ಮರಳು ಕಾಗದ ಮಾತ್ರ ಖಂಡಿತ ಹಾಕಬೇಡಿ. ಆ ಗೀರಿನಲ್ಲೇ ಮತ್ತೆ ಕೊಳೆ ಕೂರುತ್ತದೆ. ಆಮೇಲೆ ಐದು ರೂಪಾಯಿ ನಾಣ್ಯ ತೆಗೆದುಕೊಂಡು ಲೈನಿನ ಪ್ರತಿ ತುಂಡಿನಲ್ಲೂ ಎರಡು ಹಳಿಗೆ ಅಡ್ಡ ಇಟ್ಟು ಒಂದು ಕ್ಷಣದಲ್ಲಿ ತೆಗೆಯಿರಿ. ಎಲ್ಲಾ ಕಡೆಯೂ ಕಮಾಂಡ್ ಸ್ಟೇಷನ್ ಟ್ರಿಪ್ ಆಗಬೇಕು (ಶಾರ್ಟ್ ಆಗಿ ಕರೆಂಟ್ ಕಡಿಯಬೇಕು). ಟ್ರಿಪ್ ಆಗದ ಜಾಗದಲ್ಲಿ ಹಳಿ ಜೋಡಿಸುವ ಜಾಯಿನರ್ ತುಕ್ಕು ಹಿಡಿದಿರುತ್ತದೆ, ಅಲ್ಲಿಗೆ ಕರೆಂಟ್ ತರುವ ಬೇರೆ ಫೀಡರ್ ವೈರ್ ಬೆಸುಗೆ ಹಾಕಿ.

ಕುಂಬಳೆ_ಲೈನ್:
ಓಡಿತು!! ಸಿವಿ 19ಕ್ಕೆ ಸೊನ್ನೆ ಬರೆದು ಥ್ರಾಟಲ್ ಕೊಟ್ಟೆ, ಸದ್ದು ಏರಿತು, ನಿಧಾನ ಹೊರಟಿತು. ನನ್ನ ಅಪ್ಪ ಕೆಳಗಿನಿಂದ ಮೇಲೆ ಬಂದು ನಿಂತು ನೋಡಿದರು. ಟವೆಲ್ ಕಪ್ಪಾದದ್ದು ನೋಡಿ ನನಗೇ ಬೇಸರವಾಯಿತು. ನಾಣ್ಯ ಇಟ್ಟು ನೋಡಿದೆ, ಎರಡು ಕಡೆ ಟ್ರಿಪ್ ಆಗಲಿಲ್ಲ. ಅಲ್ಲಿ ವೈರ್ ಹಾಕಿದ ಮೇಲೆ ಸದ್ದು ನಿಂತಿಲ್ಲ.

ಒಂದು ಉಳಿದಿದೆ: ಜೋರು ನಾಚ್‌ನಲ್ಲಿ ಸ್ಪೀಕರ್ ಒಡಕು ಒಡಕಾಗಿ ಕೇಳುತ್ತದೆ. ಬೇರೆ ಸ್ಪೀಕರ್ ಹಾಕಬೇಕಾ?

ಬದಿಯಡ್ಕ_251:
ಬಹಳ ಖುಷಿ ಆಯಿತು. ಸ್ಪೀಕರ್ ಬದಲಿಸುವ ಮೊದಲು, ಡಿಕೋಡರ್ ಇಎಸ್‌ಯು ಕಂಪನಿಯ ಲೋಕ್‌ಸೌಂಡ್ ಆದರೆ ಸಿವಿ 63ರಲ್ಲಿ ವಾಲ್ಯೂಮ್ ಇಳಿಸಿ ನೋಡಿ. ಇಳಿಸಿದರೂ ಒಡಕು ಇದ್ದರೆ ಈಗ ಬಾಡಿ ಬಿಚ್ಚಿ. ಸ್ಪೀಕರಿನ ಹಿಂದಿನ ಡಬ್ಬಿ ಅಂಚಿನಲ್ಲಿ ಬಿಟ್ಟಿದೆಯಾ ನೋಡಿ. ಡಬ್ಬಿಯಲ್ಲಿ ಸಂದು ಇದ್ದರೆ ಮುಂದಿನ ಗಾಳಿಯನ್ನು ಹಿಂದಿನ ಗಾಳಿ ತಿಂದುಬಿಡುತ್ತದೆ, ಆಲ್ಕೋದ ಆ ದಪ್ಪ ಸದ್ದು ಬರುವುದೇ ಇಲ್ಲ. ಅಂಚಿಗೆ ಸುತ್ತ ತೆಳ್ಳಗೆ ಗಮ್ ಹಾಕಿ, ಒಂದು ರಾತ್ರಿ ಬಿಡಿ.

ಬದಲಿಸಲೇಬೇಕಾದರೆ ಡಿಕೋಡರ್ ಯಾವುದು ಅಂತ ತಿಳಿಯದೆ ಬದಲಿಸಬೇಡಿ. ಹಳೆಯ ಲೋಕ್‌ಸೌಂಡ್ 3.5ಕ್ಕೆ 100 ಓಮ್ ಸ್ಪೀಕರೇ ಬೇಕು, 8 ಓಮ್ ಹಾಕಿದರೆ ಆಂಪ್ಲಿಫೈಯರ್ ಸುಡುತ್ತದೆ. ಲೋಕ್‌ಸೌಂಡ್ 5 ಆದರೆ 4ರಿಂದ 32 ಓಮ್ ತನಕ ತಡೆಯುತ್ತದೆ.

ಉಪ್ಪಳ_ಎಚ್‌ಒ:
ನಾನೂ ಒಂದು ಹಳೆಯದು ಕೊಳ್ಳುವ ಅಂದಾಜಿನಲ್ಲಿದ್ದೇನೆ ಅಣ್ಣ. ಮಾರುವವರ ಹತ್ತಿರ ಎಂತ ಕೇಳಬೇಕು?

ಬದಿಯಡ್ಕ_251:
ಸಿವಿ 8 ಮತ್ತು ಸಿವಿ 19 ಓದಿಸಿ ಫೋಟೋ ಕಳಿಸಲು ಹೇಳಿ. ಸಿವಿ 8ರಲ್ಲಿ ಡಿಕೋಡರ್ ಮಾಡಿದ ಕಂಪನಿಯ ನಂಬರ್ ಇರುತ್ತದೆ: 151 ಬಂದರೆ ಇಎಸ್‌ಯು, 145 ಜಿಮೋ, 141 ಸೌಂಡ್‌ಟ್ರಾಕ್ಸ್. ಓಡುವ ವಿಡಿಯೋ ಕೇಳಿ, ಒಂಟಿಯಾಗಿ ಓಡುವ ವಿಡಿಯೋ.