1837ರಲ್ಲಿ ಸುಳ್ಯದ ರೈತರು ದಂಗೆ ಎದ್ದದ್ದು ಯಾಕೆ?

ಪ್ರಶ್ನೆ: ಮಂಗಳೂರಿನ ಬಾವುಟಗುಡ್ಡೆಯಲ್ಲಿ ಈ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನೋಡಿದೆ. 1857ಕ್ಕೂ 20 ವರ್ಷ ಮೊದಲೇ ಬಂಡಾಯ! ಕಾರಣ ಸುಮ್ನೆ ರಾಜಭಕ್ತಿನಾ?

ಉತ್ತರ 1: ರಾಜಭಕ್ತಿ ಇತ್ತು. ಆದರೆ ನನ್ನ ಪ್ರಕಾರ ಕಂದಾಯದ ಸಿಟ್ಟೇ ಜಾಸ್ತಿ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗಿನ ರಾಜ ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ನುಂಗಿತು. ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ತನ್ನ ಕೈಯಲ್ಲಿದ್ದ ಕೆನರಾ (ಕರಾವಳಿ) ಜಿಲ್ಲೆಗೆ ಸೇರಿಸಿತು. ಅಲ್ಲಿವರೆಗೆ ಕಂದಾಯವನ್ನು ಬೆಳೆಯಲ್ಲೇ ಕೊಡಬಹುದಿತ್ತು. ಆಮೇಲೆ ನಗದೇ ಬೇಕು ಅಂದರು. ಕಣಜದಲ್ಲಿ ಭತ್ತ ಇದೆ, ಕೈಯಲ್ಲಿ ರೂಪಾಯಿ ಇಲ್ಲ. ಎಲ್ಲರೂ ಒಟ್ಟಿಗೆ ಮಾರಲು ಹೊರಟರೆ ಬೆಲೆ ಸಿಗುತ್ತಾ? ಸಾಹುಕಾರನ ಬಾಗಿಲೇ ಗತಿ, ಅಲ್ವಾ?

ಉತ್ತರ 2: ಪುಟ್ಟಬಸಪ್ಪನನ್ನು ಮರೆಯಬೇಡಿ. ಕೊಡಗನ್ನು ಆಳಿದ ಹಾಲೇರಿ ವಂಶದ ಕಲ್ಯಾಣಸ್ವಾಮಿ ತಾನೇ ಅಂತ ಹೇಳಿಕೊಂಡು ಜನ ಕಟ್ಟಿದವನು ಆತ. ಜಾಣತನ ನೋಡಿ! ಮೊದಲು ಬೆಳ್ಳಾರೆ ಖಜಾನೆ ಕೈವಶ. ಏಪ್ರಿಲ್ 5ಕ್ಕೆ ಮಂಗಳೂರು. ಬ್ರಿಟಿಷರ ಬಾವುಟ ಯೂನಿಯನ್ ಜಾಕ್ ಇಳಿಸಿ ತಮ್ಮ ಬಾವುಟ ಏರಿಸಿದರು. ಗುಡ್ಡೆಗೆ ಆ ಹೆಸರು ಬಂದದ್ದು ಹಾಗೆ.

ಪ್ರಶ್ನೆ ಕೇಳಿದವರು: ಎಷ್ಟು ದಿನ ಹಿಡಿದಿಟ್ಟರು?

ಉತ್ತರ 2: 13 ದಿನ. ಹೊರಗಿನಿಂದ ಸೈನ್ಯ ಬಂದ ಮೇಲೆ ಚದುರಿದರು. ಪುಟ್ಟಬಸಪ್ಪನನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು.