ಆಫೀಸ್ ಪಾರ್ಕ್ ಕೆಲಸಕ್ಕೆ ರೋಬೋ ಮೋವರ್ (ತಾನೇ ಓಡಿ ಹುಲ್ಲು ಕತ್ತರಿಸುವ ಯಂತ್ರ) ತಗೊಂಡವರು ಯಾರಾದರೂ ಇದ್ದೀರಾ?

ಪ್ಲೇನೋ_ಕನ್ನಡಿಗ:

ನಾನು ಟೆಕ್ಸಸ್‌ನ ಡಲ್ಲಾಸ್ ಹತ್ತಿರ ಇದ್ದೇನೆ. ಐಟಿ ಬಿಟ್ಟು ನಾಲ್ಕು ವರ್ಷದಿಂದ ಲ್ಯಾಂಡ್‌ಸ್ಕೇಪಿಂಗ್ ಮಾಡುತ್ತಿದ್ದೇನೆ. (ಅಮೆರಿಕಕ್ಕೆ ಹೋಗಿ ಹುಲ್ಲು ಕುಯ್ಯುತ್ತಾನೆ ಅಂತ ಊರಲ್ಲಿ ನಗುತ್ತಾರೆ, ನಗಲಿ.) ಒಂಬತ್ತು ಜನ ಹುಡುಗರು, ಎರಡು ಟ್ರಕ್, ಮೂರು ಜೀರೋ ಟರ್ನ್ ಮೋವರ್ (ಮೇಲೆ ಕೂತು ಓಡಿಸುವ, ನಿಂತಲ್ಲೇ ತಿರುಗುವ ಹುಲ್ಲು ಕತ್ತರಿಸುವ ಯಂತ್ರ). ಇಲ್ಲಿ ಎಲ್ಲಿ ನೋಡಿದರೂ ಬರ್ಮುಡಾ ಹುಲ್ಲು. ಅಂದರೆ ಬೇರೇನಲ್ಲ, ನಾವು ಗಣಪತಿಗೆ ಏರಿಸುವ ಗರಿಕೆಯೇ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಕತ್ತರಿಸದಿದ್ದರೆ ಫೋನ್ ಬರುತ್ತದೆ.

ತೊಂದರೆ ಜನರದ್ದು. ಸೀಸನ್ ಕೆಲಸಕ್ಕೆ ಕೊಡುವ ಎಚ್-2ಬಿ ವೀಸಾದ ಮೇಲೆ ಮೆಕ್ಸಿಕೋದಿಂದ ಹುಡುಗರನ್ನು ಕರೆಸುತ್ತೇನೆ. ಕಾನೂನಿನ ಪ್ರಕಾರ ಇಡೀ ದೇಶಕ್ಕೆ ವರ್ಷಕ್ಕೆ 66,000 ವೀಸಾ, ಅದನ್ನೂ ಅರ್ಧರ್ಧ ಮಾಡಿ ಕೊಡುತ್ತಾರೆ. ಮೇಲೆ ಒಂದಷ್ಟು ಹೆಚ್ಚುವರಿ ಬಿಟ್ಟರೂ ಲ್ಯಾಂಡ್‌ಸ್ಕೇಪಿಂಗ್‌ನವರೇ ಮುಗಿಬೀಳುವುದರಿಂದ ಸಾಲುವುದಿಲ್ಲ. ಹಿಂದೆ ನನ್ನ ಎಚ್-1ಬಿ ಲಾಟರಿಗೆ ಉಗುರು ಕಚ್ಚಿಕೊಂಡು ಕೂತಿದ್ದೆ, ಈಗ ಬೇರೆಯವರ ವೀಸಾಕ್ಕೆ ಕೂರುತ್ತೇನೆ. ಈ ವರ್ಷ ಮೂವರು ಆರು ವಾರ ತಡವಾಗಿ ಬಂದರು, ಅಷ್ಟರಲ್ಲಿ ಒಂದು ಕಾಂಟ್ರ್ಯಾಕ್ಟ್ ಕೈತಪ್ಪಿತು.

ಈಗ ಒಬ್ಬ ದೊಡ್ಡ ಗಿರಾಕಿ, ಮುಂದಿನ ವರ್ಷ ರೋಬೋ ಮೋವರ್ ತರುತ್ತೀರಾ ಅಂತ ಕೇಳಿದ್ದಾರೆ. ತಗೊಂಡವರು ನಿಜ ಹೇಳಿ. ಕೂಲಿ ಎಷ್ಟು ಉಳಿಯುತ್ತದೆ? ಹುಡುಗರಿಗೆ ಏನು ಹೇಳಿದಿರಿ?

ಆರ್ಲ್ಯಾಂಡೋ_ಮಳೆ:

ನಾನು ಫ್ಲಾರಿಡಾದ ಒಂದು ಕಂಪನಿಯಲ್ಲಿ ಸೂಪರ್‌ವೈಸರ್. ಎರಡು ಸೀಸನ್ ಓಡಿಸಿದ್ದೇವೆ. ಮೊದಲು ಲೆಕ್ಕ. ನಮ್ಮ ರೋಬೋದ್ದು 52 ಇಂಚು ಅಗಲದ ಡೆಕ್, ಅಂದರೆ ಬ್ಲೇಡ್ ಇರುವ ಭಾಗ. ಗಂಟೆಗೆ 4 ಮೈಲಿ ಹೋದರೆ ಕಾಗದದ ಮೇಲೆ 2 ಎಕರೆ ಆಗುತ್ತದೆ, ತಿರುಗುವುದು, ನಿಲ್ಲುವುದು ಕಳೆದರೆ ಒಂದೂವರೆ. 60 ಇಂಚಿನ ಜೀರೋ ಟರ್ನ್ ಮೇಲೆ ಕೈ ಪಳಗಿದವನು ಬಯಲಲ್ಲಿ ಅದರ ಎರಡರಷ್ಟು ಮಾಡುತ್ತಾನೆ. ಹಾಗಾಗಿ ವೇಗದ ಆಸೆ ಬಿಡಿ. ಅದು ಓಡುವಾಗ ಮನುಷ್ಯ ಬೇರೆ ಕೆಲಸ ಮಾಡಬಹುದು, ಅಷ್ಟೇ ಲಾಭ. ನಿಲ್ಲುವುದಂತೂ ಜಾಸ್ತಿ. ಇಲ್ಲಿ ಸ್ಯಾಂಡ್‌ಹಿಲ್ ಕ್ರೇನ್ ಅಂತ ಎದೆಮಟ್ಟದ ಕೊಕ್ಕರೆ ಥರದ ಹಕ್ಕಿಗಳು ಲಾನ್ ಮೇಲೆಯೇ ಮೇಯುತ್ತವೆ. ಯಂತ್ರ ಕ್ಯಾಮೆರಾದಲ್ಲಿ ನೋಡಿ ನಿಲ್ಲುತ್ತದೆ, ಹಕ್ಕಿ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಒಬ್ಬ ಹುಡುಗ ಹೋಗಿ ಕೈ ಬೀಸಬೇಕು.

ಇನ್ನು ಹುಡುಗರ ವಿಷಯ. ಇದನ್ನು ಮಾರಾಟದವರು ಯಾರೂ ಹೇಳುವುದಿಲ್ಲ. ಮೊದಲು ನಮ್ಮಲ್ಲಿ ಸೀಟು ಸರದಿ ಇತ್ತು. ಒಬ್ಬ ಮೋವರ್ ಮೇಲೆ ಕೂತರೆ ಉಳಿದವರು ಮೂಲೆಯ ಹುಲ್ಲು ಸವರುವ ಸ್ಟ್ರಿಂಗ್ ಟ್ರಿಮ್ಮರ್, ಅಂಚು ಕತ್ತರಿಸುವ ಎಡ್ಜರ್, ಕಸ ಊದುವ ಬ್ಲೋವರ್ ಹಿಡಿಯುತ್ತಿದ್ದರು, ಆಮೇಲೆ ಬದಲು. 35 ಡಿಗ್ರಿ ಸೆಕೆಯಲ್ಲಿ ಆ ಸೀಟೇ ವಿಶ್ರಾಂತಿ. ರೋಬೋ ಬಂದು ತಗೊಂಡದ್ದು ಆ ಕೂತು ಮಾಡುವ ಕೆಲಸವನ್ನೇ. ಬಗ್ಗುವುದು, ಹೊರುವುದು, ಕಾಲಿಗೆ ಕಲ್ಲು ಸಿಡಿಸಿಕೊಳ್ಳುವುದು ಎಲ್ಲ ಹಾಗೇ ಉಳಿಯಿತು, ಈಗ ಎಂಟು ಗಂಟೆ ಅದೇ. ನಾವು ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಇಬ್ಬರು ತಾವೇ ಬಿಟ್ಟು ಹೋದರು, ಒಬ್ಬನ ಜಾಗ ಮಾತ್ರ ತುಂಬಿದೆವು. ಕಾಗದದಲ್ಲಿ ಇದಕ್ಕೆ ಕೂಲಿ ಉಳಿತಾಯ ಅಂತ ಹೆಸರು.

ಉಪ್ಸಾಲಾ_ಉಡುಪಿ:

ಸ್ವೀಡನ್ನಿನಿಂದ. ಇಲ್ಲಿನ ಹಸ್ಕ್‌ವಾರ್ನಾ ಕಂಪನಿ ಬಿಸಿಲಿನಲ್ಲಿ ಓಡುವ ರೋಬೋ ಮೋವರ್ ತಂದದ್ದು 1995ರಲ್ಲಿ, ಹಾಗಾಗಿ ನಮಗೆ ಇದು ಹೊಸತೇನಲ್ಲ. ಆದರೆ ರೀತಿ ಬೇರೆ. ನಿಮ್ಮಲ್ಲಿ ದೊಡ್ಡ ಯಂತ್ರವನ್ನು ಟ್ರಕ್ಕಿನಲ್ಲಿ ತಂದು ಇಳಿಸುತ್ತಾರೆ. ಇಲ್ಲಿ ಹಗುರವಾದದ್ದು ಅದೇ ಜಾಗದಲ್ಲಿ ಬಿದ್ದಿರುತ್ತದೆ, ದಿನಾ ಸ್ವಲ್ಪ ಸ್ವಲ್ಪ ಕತ್ತರಿಸುತ್ತದೆ. ತುಣುಕು ಚಿಕ್ಕದು, ಅಲ್ಲೇ ಗೊಬ್ಬರವಾಗುತ್ತದೆ, ಗುಡಿಸುವುದೂ ಬೇಡ. ಈಗ ಗಡಿ ತೋರಿಸಲು ನೆಲದಲ್ಲಿ ತಂತಿ ಹೂಳುವ ಬದಲು ಉಪಗ್ರಹದ ಆರ್‌ಟಿಕೆ (ಜಿಪಿಎಸ್‌ಗಿಂತ ನಿಖರವಾಗಿ ಜಾಗ ಗುರುತಿಸುವ ವಿಧಾನ) ಬಂದಿದೆ, ಸೆಂಟಿಮೀಟರ್ ಲೆಕ್ಕದಲ್ಲಿ ದಾರಿ ಹಿಡಿಯುತ್ತದೆ. ದಟ್ಟ ಮರದಡಿ, ಎತ್ತರದ ಗೋಡೆ ಪಕ್ಕ ಮಾತ್ರ ಸಿಗ್ನಲ್ ಹೋಗಿ ಪೆಚ್ಚಾಗಿ ನಿಲ್ಲುತ್ತದೆ.

ಸದ್ದಿಲ್ಲ ಅಂತ ರಾತ್ರಿ ಓಡಿಸುವ ಯೋಚನೆ ಇದ್ದರೆ ಹುಷಾರು. ಯುರೋಪಿನಲ್ಲಿ ಹೆಡ್ಜ್‌ಹಾಗ್ ಅನ್ನುವ ಪುಟ್ಟ ಮುಳ್ಳಿನ ಪ್ರಾಣಿ ರಾತ್ರಿ ಓಡಾಡುತ್ತದೆ, ಹೆದರಿದರೆ ಓಡುವುದಿಲ್ಲ, ಉಂಡೆಯಾಗಿ ಕೂರುತ್ತದೆ. ಬ್ಲೇಡಿಗೆ ಸಿಕ್ಕಿ ಎಷ್ಟೋ ಸತ್ತಿವೆ. ಜರ್ಮನಿಯ ಕೊಲೋನ್ ನಗರ 2024ರಲ್ಲಿ ರಾತ್ರಿ ಓಡಿಸುವುದನ್ನೇ ನಿಷೇಧಿಸಿತು.

ವೈಟ್‌ಫೀಲ್ಡ್_ತೋಟ:

ಬೆಂಗಳೂರಿನ ಕ್ಯಾಂಪಸ್ ಒಂದರಲ್ಲಿ ತೋಟದ ಉಸ್ತುವಾರಿ ನನ್ನದು. ತಂತಿ ಹೂಳುವ ಮಾದರಿ ಒಂದನ್ನು ತಂದಿದ್ದರು. ಮೂರನೇ ದಿನ ನಮ್ಮವರೇ ಗುದ್ದಲಿ ಹಾಕಿ ತಂತಿ ಕಡಿದರು, ಜೋಡಿಸಿದ ಮೇಲೆ ಇನ್ನೊಮ್ಮೆ ಕಡಿದರು. ಬೇಕಂತಲೋ ಏನೋ, ನಾನು ಕೇಳಲಿಲ್ಲ! ಇಲ್ಲಿ ಹುಲ್ಲು ಕತ್ತರಿಸುವುದು ಕೆಲಸದಲ್ಲಿ ಸಣ್ಣ ಭಾಗ. ಸಾಲಾಗಿ ಕೂತು ಕಳೆ ಕೀಳುವ ಹೆಂಗಸರ ಕೆಲಸವೇ ದೊಡ್ಡದು, ಅದಕ್ಕೆ ಆ ಯಂತ್ರದಲ್ಲಿ ಉತ್ತರ ಇರಲಿಲ್ಲ. ಈಗ ಸ್ಟೋರಿನಲ್ಲಿದೆ.

ಪ್ಲೇನೋ_ಕನ್ನಡಿಗ:

ಎಲ್ಲರಿಗೂ ಥ್ಯಾಂಕ್ಸ್. ಗುದ್ದಲಿ ಕಥೆಗೆ ತುಂಬಾ ನಕ್ಕೆ. ಆರ್ಲ್ಯಾಂಡೋ, ನಿಮ್ಮ ಸೀಟಿನ ಮಾತು ನಿನ್ನೆಯಿಂದ ತಲೆಯಲ್ಲಿ ಕೂತಿದೆ. ನಮ್ಮಲ್ಲೂ ಅದೇ ಸರದಿ. ಐವತ್ತು ದಾಟಿದವರೊಬ್ಬರಿದ್ದಾರೆ, ಮಂಡಿ ನೋವು, ಹೆಚ್ಚಾಗಿ ಸೀಟು ಅವರಿಗೇ ಬಿಡುತ್ತೇವೆ. ರೋಬೋ ತಂದರೆ ಮೊದಲು ಹೋಗುವವರು ಅವರೇ ಅಲ್ವಾ? ಅವರನ್ನೇ ಅದರ ಆಪರೇಟರ್ ಮಾಡಿದರೆ ನಡೆಯುತ್ತಾ?

ಆರ್ಲ್ಯಾಂಡೋ_ಮಳೆ:

ನಡೆಯುತ್ತದೆ. ನಮ್ಮಲ್ಲೂ ಚೆನ್ನಾಗಿ ಓಡಿಸುವವರು ಹಳಬರೇ. ಎಲ್ಲಿ ನೆಲ ಕುಸಿದಿದೆ, ಮಳೆಯಾದ ಮೇಲೆ ಎಲ್ಲಿ ಕೆಸರು ನಿಲ್ಲುತ್ತದೆ ಅನ್ನುವುದು ಅವರಿಗೆ ಗೊತ್ತು, ಮ್ಯಾಪ್ ಹಾಕುವಾಗ ಅದೇ ಬೇಕಾಗುವುದು. ಸ್ಪ್ಯಾನಿಷ್‌ನಲ್ಲಿ ಮೆನು ಇದೆಯಾ ಅಂತ ಮೊದಲೇ ಕೇಳಿ. ಇನ್ನೊಂದು, ಎಕರೆ ಲೆಕ್ಕದಲ್ಲಿ ಬಾಡಿಗೆ ಕಟ್ಟುವ ಒಪ್ಪಂದವಾದರೆ ಯಂತ್ರ ಕೆಟ್ಟು ನಿಂತ ದಿನ ನಷ್ಟ ಯಾರದ್ದು ಅಂತ ಬರೆಸಿಕೊಳ್ಳಿ. ನಮ್ಮಲ್ಲಿ ಹಾಗೆ ಬರೆದಿರಲಿಲ್ಲ. ಜುಲೈನಲ್ಲಿ ಒಂಬತ್ತು ದಿನ ನಿಂತಿತು, ಹಳೇ ಜೀರೋ ಟರ್ನ್ ತೆಗೆದು ರಾತ್ರಿ ಏಳರವರೆಗೆ ನಾನೇ ಓಡಿಸಿದೆ. ಹಳೇದನ್ನು ಮಾತ್ರ ಮಾರಬೇಡಿ.